ತಿದಿಯ ಕಡೆಯಿಂದ ತವರದ ಕಡೆಗೆ

ಮಸ್ತಾನ್ ಬೀಯನ್ನು ನಾನು ಮೊದಲು ನೋಡಿದ್ದು ಎಪ್ಪತ್ತೊಂದನೇ ಇಸವಿಯಲ್ಲಿ, ಗೌರಿ ಹಬ್ಬಕ್ಕೆ ಇನ್ನು ನಾಲ್ಕು ದಿನ ಇದೆ ಎನ್ನುವಾಗ. ನಮ್ಮ ಯಜಮಾನರು ತೀರಿಕೊಂಡು ಆಗ ಎರಡು ವರ್ಷ. ಶೆಟ್ಟಿಹಳ್ಳಿಯ ನಮ್ಮ ಮನೆಯ ಹಿಂದಿನ ಕೋಣೆ ತುಂಬ ಹಿತ್ತಾಳೆ ಪಾತ್ರೆಗಳಿದ್ದವು. ಕೊಪ್ಪರಿಗೆ ಮೂರು, ಕೊಳಗ ಏಳು, ತಪ್ಪಲೆ ಹನ್ನೆರಡು. ಮದುವೆ, ನಾಮಕರಣ, ತಿಥಿ ಅಂತ ಬಂದವರಿಗೆ ಅವನ್ನು ಬಾಡಿಗೆಗೆ ಕೊಡುವುದು ಯಜಮಾನರು ಇದ್ದಾಗಿನಿಂದ ನಡೆದುಬಂದದ್ದು. ಅವರು ಹೋದ ಮೇಲೆ ನನ್ನ ಅನ್ನಕ್ಕೆ ಅದೇ ದಾರಿಯಾಯಿತು.

ಹಿತ್ತಾಳೆ ಪಾತ್ರೆಯ ಒಳಮೈಗೆ ತವರ ಹಚ್ಚಿ ಕಲಾಯಿ ಹಾಕಿಸದಿದ್ದರೆ, ಹುಣಿಸೆ ಹುಳಿ ಸೋಕಿದ ಕೂಡಲೇ ಹಸಿರು ಕಿಲುಬು ಬಿಡುತ್ತದೆ. ಅದು ಹೊಟ್ಟೆಗೆ ಹೋದರೆ ವಿಷ. ಅದಕ್ಕೇ ವರ್ಷಕ್ಕೆ ಮೂರು ಸಲವಾದರೂ ಕಲಾಯಿಯವರನ್ನು ಕರೆಸಬೇಕಾಗಿತ್ತು. ಮೊದಲಿದ್ದ ಮುದುಕ ಸಾಬರು ಕೈಲಾಗದೆ ನಿಲ್ಲಿಸಿದ್ದರಿಂದ ಆ ದಿನ ಹೊಸಬರು ಬಂದರು, ಪೇಟೆಯ ಅಂಚಿನ ಶಿರಾ ಗೇಟ್ ಹಿಂದಿನ ಓಣಿಯ ಜಹೀರ್ ಅಹಮದ್. ನಲವತ್ತರ ಆಸುಪಾಸು, ಸಣಕಲು ಮೈ. ಹಿಂದೆಯೇ ತಲೆಯ ಮೇಲೆ ಬೆಂಕಿಗೆ ಗಾಳಿ ಊದುವ ತೊಗಲಿನ ತಿದಿ ಹೊತ್ತುಕೊಂಡು ಅವರ ಹೆಂಡತಿ ಮಸ್ತಾನ್ ಬೀ.

ಹೊಂಗೆ ಮರದ ಕೆಳಗೆ ಗುಂಡಿ ತೋಡಿ ಇದ್ದಿಲು ಹಾಕಿದರು. ಅವಳು ಸೆರಗನ್ನು ತಲೆಯ ಮೇಲೆಳೆದುಕೊಂಡು ತಿದಿಯ ಹತ್ತಿರ ಕೂತಳು. ಅವರು ಪಾತ್ರೆಯನ್ನು ಇಕ್ಕುಳದಲ್ಲಿ ಹಿಡಿದು ಬೆಂಕಿಯ ಮೇಲೆ ತಿರುಗಿಸುವುದು, ನವಸಾಗರದ ಪುಡಿ ಉದುರಿಸುವುದು, ಬಿಳಿ ಹೊಗೆ ಎದ್ದಾಗ ತವರದ ಕಡ್ಡಿ ಮುಟ್ಟಿಸಿ ಹತ್ತಿಯುಂಡೆಯಿಂದ ಉಜ್ಜುವುದು. ಒಂದೇ ಉಜ್ಜಿಗೆ ಹಳದಿ ಪಾತ್ರೆಯ ಒಳಗೆ ಬೆಳ್ಳಿ ಓಡಿದಂತಾಗುತ್ತಿತ್ತು. ಸಂಜೆಯ ತನಕ ಗಂಡ ಹೆಂಡತಿ ಒಂದು ಮಾತಾಡಲಿಲ್ಲ. ತಿದಿಯ ಉಸಿರು ಮಾತ್ರ, ಒಮ್ಮೆ ಉದ್ದ, ಒಮ್ಮೆ ಗಿಡ್ಡ, ಒಮ್ಮೆ ನಿಂತು.

ನಾನು ಒಂದನ್ನು ಗಮನಿಸಿದೆ. ತಿದಿ ಒತ್ತುವವರು ಬೆಂಕಿಯನ್ನು ನೋಡುತ್ತಾರೆ. ಇವಳು ಮಾತ್ರ ಪಾತ್ರೆಯ ಒಳಗನ್ನು ನೋಡುತ್ತಿದ್ದಳು, ಕತ್ತು ಉದ್ದ ಮಾಡಿಕೊಂಡು, ರೆಪ್ಪೆ ಬಡಿಯದೆ. ಹೊಳಪಿನಲ್ಲಿ ತನ್ನ ಮುಖ ನೋಡಿಕೊಳ್ಳುತ್ತಾಳೆ, ಇನ್ನೂ ಹುಡುಗಾಟದ ಹೆಂಗಸು ಅಂದುಕೊಂಡೆ. ಅವಳಿಗೆ ಆಗ ಮೂವತ್ತೆಂಟು, ಮದುವೆಗೆ ಬಂದ ಮಗಳಿದ್ದಳು.

ಅಲ್ಲಿಂದ ಆರು ವರ್ಷ ಅವರೇ ಬಂದರು. ಕೆಲಸದಲ್ಲಿ ಒಂದು ಚುಕ್ಕೆಯಷ್ಟೂ ಕೊರತೆ ಇರಲಿಲ್ಲ. ನಾಲ್ಕನೇ ವರ್ಷವಿರಬೇಕು, ಸುಮ್ಮನೆ ತಮಾಷೆಗೆ, ಇಷ್ಟು ದಿನದಿಂದ ನೋಡ್ತಿದೀಯಲ್ಲ, ಒಂದು ತಟ್ಟೆಗಾದರೂ ನೀನೇ ಕಲಾಯಿ ಹಾಕು ನೋಡೋಣ ಎಂದು ಅವಳನ್ನು ಕೇಳಿದೆ. ಉತ್ತರ ಕೊಟ್ಟವರು ಜಹೀರ್. ಹೆಂಗಸರ ಕೈಗೆ ತವರ ಹತ್ತುವುದಿಲ್ಲ, ಅವರ ಅಪ್ಪನ ಕಾಲದಿಂದಲೂ ಹಾಗೇ ಎಂದರು. ಶಿರಾ ಗೇಟಿನಲ್ಲಿದ್ದ ನಾಲ್ಕೈದು ಕಲಾಯಿ ಮನೆಗಳಲ್ಲೂ ಅದೇ ಪದ್ಧತಿ. ಹೆಂಗಸರು ಪಾತ್ರೆ ತಿಕ್ಕಬಹುದು, ತಿದಿ ಒತ್ತಬಹುದು. ತವರ ಗಂಡಸರದು. ನಾನೂ ನಕ್ಕೆ. ಅವಳು ತಿದಿಯ ಹಿಡಿಯನ್ನು ನೋಡುತ್ತ ಕೂತಳು.

ಎಪ್ಪತ್ತೇಳರ ಬೇಸಿಗೆಯಲ್ಲಿ ಗುಬ್ಬಿಯ ಸದಾಶಿವಯ್ಯನವರ ಮನೆಯಲ್ಲಿ ಮೊಮ್ಮಗನ ನಾಮಕರಣ. ಅವರದು ಅಲ್ಲಿ ದಿನಸಿ ಅಂಗಡಿ, ನಮ್ಮ ಯಜಮಾನರ ಕಾಲದ ಗಿರಾಕಿ. ದೊಡ್ಡ ಕೊಪ್ಪರಿಗೆ ಬೇಕೆಂದು ಹೇಳಿ ಕಳಿಸಿದ್ದರು. ಕೊಡುವ ಮುಂಚೆ ಕಲಾಯಿ ಹಾಕಿಸೋಣವೆಂದು ಅದನ್ನು ಕೈಗಾಡಿಯಲ್ಲಿ ಶಿರಾ ಗೇಟಿಗೆ ಕಳಿಸಿದೆ. ಮೂರನೇ ದಿನ ವಾಪಸ್ಸು ಬಂತು. ಬಾಯಿಂದ ಬಗ್ಗಿ ನೋಡಿದೆ, ತಳವೆಲ್ಲ ಬೆಳ್ಳಗಿತ್ತು. ಹಾಗೇ ಗುಬ್ಬಿಗೆ ಸಾಗಿಸಿದೆ.

ನಾಮಕರಣದ ಮಾರನೇ ದಿನ ಹನ್ನೊಂದು ಗಂಟೆಗೆ ಸದಾಶಿವಯ್ಯನವರು ತಾವೇ ಎತ್ತಿನ ಗಾಡಿಯಲ್ಲಿ ಕೊಪ್ಪರಿಗೆ ಹೇರಿಕೊಂಡು ಬಂದು ನಮ್ಮ ಬಾಗಿಲಲ್ಲಿ ಇಳಿಸಿದರು. ಒಳಗೆ ಬರಲಿಲ್ಲ. ಬೆಳಗ್ಗೆ ಮಾಡಿದ ಹುಳಿ ಮಧ್ಯಾಹ್ನ ಮೂರರ ಪಂಕ್ತಿಯ ತನಕ ಅದರಲ್ಲೇ ಇತ್ತಂತೆ. ಕೊನೆಯ ಪಂಕ್ತಿಯಲ್ಲಿ ಉಂಡ ಹದಿನಾಲ್ಕು ಜನ ವಾಂತಿ ಮಾಡಿಕೊಂಡಿದ್ದರು. ಅದರಲ್ಲಿ ಅವರ ಮಗಳ ಐದು ವರ್ಷದ ಕೂಸು ಕೈಕಾಲು ತಣ್ಣಗಾಗಿ ಆಸ್ಪತ್ರೆಯಲ್ಲಿತ್ತು. ನನ್ನ ಕೈ ಹಿಡಿದು ಕೊಪ್ಪರಿಗೆಯ ಒಳಗೆ ಕತ್ತಿನ ಕೆಳಗಡೆಗೆ ಮುಟ್ಟಿಸಿದರು.

"ನೋಡಮ್ಮ, ನಿನ್ ಕಣ್ಣಲ್ಲೇ ನೋಡು," ಎಂದರು.

ಬಾಯಂಚು ಒಳಗೆ ಬಾಗುವ ಜಾಗದಲ್ಲಿ, ಮೇಲಿನಿಂದ ನೋಡಿದರೆ ಕಾಣದ ಹಾಗೆ, ಒಂದು ಗೇಣು ಉದ್ದ, ನಾಲ್ಕು ಬೆರಳು ಅಗಲ ತವರವೇ ಇರಲಿಲ್ಲ. ಹಿತ್ತಾಳೆ ಹಸಿರು ಬಿಟ್ಟಿತ್ತು. ಆ ಕೂಸು ಉಳಿಯಿತು, ಎಲ್ಲರೂ ಉಳಿದರು. ಆದರೆ ಆ ಹೊತ್ತಿನಲ್ಲಿ ನನಗೆ ಅದು ಗೊತ್ತಿರಲಿಲ್ಲ.

ಇಪ್ಪತ್ತೈದು ವರ್ಷದ ಕಸುಬುದಾರ ಇಷ್ಟಗಲ ಜಾಗ ಬಿಡುವುದು ಹೇಗೆ ಎನ್ನುವುದೇ ನನಗೆ ಅರ್ಥವಾಗಲಿಲ್ಲ. ಹಾಗೇ ಶಿರಾ ಗೇಟಿಗೆ ನಡೆದೆ. ಓಣಿಯ ಕೊನೆಗೆ ಒಂದೇ ಕೋಣೆಯ ಮನೆ. ಕುಣಿಗಲ್ಲಿಗೆ ಕೊಟ್ಟಿದ್ದ ಮಗಳ ಬಾಣಂತನ ಮುಗಿಸಿ ಮಸ್ತಾನ್ ಬೀ ಅದೇ ಬೆಳಗಿನ ಬಸ್ಸಿಗೆ ಬಂದಿದ್ದಳು, ಗಂಟನ್ನು ಇನ್ನೂ ಬಿಚ್ಚಿರಲಿಲ್ಲ. ಜಹೀರ್ ಚಾಪೆಯ ಮೇಲೆ ಕೂತಿದ್ದರು. ನಾನು ಹೊಸಿಲ ಈಚೆ ನಿಂತು ಬಾಯಿಗೆ ಬಂದಂತೆ ಅಂದೆ. ಹದಿನಾಲ್ಕು ಜನ ಎಂದೆ, ಕೂಸು ಎಂದೆ. ಅವರು ನನ್ನ ಕಡೆ ತಿರುಗದೆ ಬಾಗಿಲ ಚೌಕಟ್ಟಿನ ಕಡೆ ಮುಖ ಮಾಡಿಕೊಂಡು ಕೇಳುತ್ತಿದ್ದರು. ಅದು ನನಗೆ ಇನ್ನೂ ಸಿಟ್ಟು ತರಿಸಿತು. ಬಾಯಿ ಒಣಗಿತೋ ಏನೋ, ಪಕ್ಕದಲ್ಲಿದ್ದ ನೀರಿನ ಚೆಂಬಿಗೆ ಕೈ ಚಾಚಿದರು. ಕೈ ಚೆಂಬಿಗಿಂತ ಒಂದು ಮೊಳ ಆಚೆ ಹೋಗಿ ನೆಲವನ್ನು ತಡವಿತು.

ಮಸ್ತಾನ್ ಬೀ ಚೆಂಬನ್ನು ಅವರ ಕೈಗಿಟ್ಟು ನನ್ನ ಕಡೆ ತಿರುಗಿದಳು.

"ಅವ್ರನ್ನ ಬೈಬೇಡಿ ಅಮ್ಮ. ಅವ್ರಿಗೆ ಕಣ್ಣು ಕಾಣಲ್ಲ. ಆರು ವರ್ಷ ಆಯ್ತು."

ನಾನು ಹೊಸಿಲ ಮೇಲೇ ಕೂತುಬಿಟ್ಟೆ. ಆರು ವರ್ಷವೆಂದರೆ ನಮ್ಮ ಹೊಂಗೆ ಮರದ ಕೆಳಗೆ ಅವರು ಮೊದಲು ಕೂತ ದಿನದಿಂದ. ನನ್ನ ಕಣ್ಣೆದುರಿಗೆ ಹದಿನೇಳು ಹದಿನೆಂಟು ಸಲ ಕಲಾಯಿ ಹಾಕಿದ್ದಾರೆ, ನಾನು ಪಕ್ಕದಲ್ಲೇ ಇದ್ದೇನೆ, ನನಗೆ ತಿಳಿದಿಲ್ಲ.

ಅವಳು ಒಂದೊಂದಾಗಿ ಹೇಳಿದಳು. ಕಣ್ಣಿನ ನರ ಒಣಗಿದೆ, ಆಪರೇಷನ್ನಿಗೂ ಬರುವುದಿಲ್ಲ ಎಂದು ಡಾಕ್ಟರು ಕೈಬಿಟ್ಟಿದ್ದರಂತೆ. ಕುರುಡನ ಕೈಗೆ ಪಾತ್ರೆ ಕೊಡುವವರು ಯಾರು? ಅದಕ್ಕೇ ಗಂಡ ಹೆಂಡತಿ ಸೇರಿ ಒಂದು ಲೆಕ್ಕ ಕಟ್ಟಿಕೊಂಡರು. ಅವಳು ತಿದಿ ನಿಲ್ಲಿಸಿದರೆ ಪಾತ್ರೆ ಕಾದಿದೆ, ನವಸಾಗರ ಹಾಕು ಅಂತ. ಎರಡು ಗಿಡ್ಡ ಉಸಿರು ಕೊಟ್ಟರೆ ಎಡಗಡೆ ಬಿಟ್ಟುಹೋಗಿದೆ ಅಂತ. ಒಂದು ಉದ್ದದ್ದು ಬಲಗಡೆಗೆ. ದಾರಿಯಲ್ಲಿ ನಡೆಯುವಾಗ ಹಿಂದಿನಿಂದ ಮೆಲ್ಲಗೆ ಎಡ, ಬಲ ಎನ್ನುತ್ತಿದ್ದಳಂತೆ. ಅವಳು ಕಣ್ಣು, ಅವರು ಕೈ. ಅವಳು ಮುಖ ನೋಡಿಕೊಳ್ಳುತ್ತಿದ್ದಾಳೆ ಅಂತ ನಾನು ಅಂದುಕೊಂಡಿದ್ದಾಗ ಅವಳು ಕೆಲಸ ಮಾಡುತ್ತಿದ್ದಳು. ಈ ಸಲ ಅವಳು ಕುಣಿಗಲ್ಲಿನಲ್ಲಿದ್ದಳು. ಇಷ್ಟು ವರ್ಷದ ಮೇಲೆ ಕೈಗೇ ಗೊತ್ತಿರುತ್ತದೆ ಎಂದು ಜಹೀರ್ ಪಕ್ಕದ ಮನೆಯವನನ್ನು ತಿದಿಗೆ ಕೂರಿಸಿಕೊಂಡು ಕೊಪ್ಪರಿಗೆ ಹಿಡಿದಿದ್ದರು. ಅವನಿಗೇನು ಗೊತ್ತು, ಗಾಳಿ ಒತ್ತಿದ ಅಷ್ಟೇ.

ಈಗ ನಾನು ಹೇಳಿದ ಮಾತನ್ನೂ ಮುಚ್ಚಿಡಬಾರದು. ಇದನ್ನು ಯಾರಿಗೂ ಹೇಳಬೇಡ ಎಂದೆ. ಕುರುಡರ ಕೈಲಿ ಕಲಾಯಿ ಹಾಕಿಸಿದ್ದೆ ಎಂದು ಗೊತ್ತಾದರೆ ನನ್ನ ಪಾತ್ರೆಯನ್ನು ಯಾರೂ ಮುಟ್ಟುವುದಿಲ್ಲ. ತವರದಲ್ಲೇ ಮೋಸ ಇತ್ತು, ಅಂಗಡಿಯವನು ಕೆಟ್ಟ ಮಾಲು ಕೊಟ್ಟ ಅಂದುಬಿಡೋಣ ಎಂದೆ. ಜಹೀರ್ ತಲೆಯಾಡಿಸಿದರು. ಅವಳು ಆಡಿಸಲಿಲ್ಲ. ಎದ್ದು ಹೋಗಿ ಗೋಡೆಗೂಡಿನಿಂದ ಒಂದು ಸಣ್ಣ ತಟ್ಟೆ ತಂದು ನನ್ನ ಮುಂದಿಟ್ಟಳು. ಕಲಾಯಿ ಎಷ್ಟು ನಯವಾಗಿತ್ತೆಂದರೆ ಉಜ್ಜಿದ ಗೆರೆಯೇ ಇರಲಿಲ್ಲ. ಗಂಡ ಮಸೀದಿಗೆ ಹೋದಾಗ ಬಾಗಿಲು ಹಾಕಿಕೊಂಡು, ಅಡುಗೆ ಒಲೆಯ ಮೇಲೆ, ತಾನೇ ಹಾಕಿದ್ದು ಎಂದಳು. ಹಾಕುವುದು, ತಿಕ್ಕಿ ಅಳಿಸುವುದು, ಮತ್ತೆ ಹಾಕುವುದು, ಮೂರು ವರ್ಷದಿಂದ ಅದೊಂದೇ ತಟ್ಟೆಯ ಮೇಲೆ. ಜಹೀರ್ ಬೆಚ್ಚಿ ಅತ್ತ ತಿರುಗಿದರು. ಅವರಿಗೂ ಅದು ಗೊತ್ತಿರಲಿಲ್ಲ.

"ಮದುವೆಯಾಗಿ ಬಂದ ವಾರದಲ್ಲಿ ಮೊದ್ಲು ತವರ ಓಡೋದು ನೋಡ್ದೆ ಅಮ್ಮ," ಎಂದಳು. "ಅವತ್ತಿಂದ ನನ್ ಕೈಲೇ ಓಡಿಸ್ಬೇಕು ಅಂತ. ಕೇಳೋಕೆ ಹೆದರಿಕೆ. ಇವ್ರಿಗೆ ಕಣ್ಣು ಹೋದ್ಮೇಲೆ ಇನ್ನೂ ಹೆದರಿಕೆ, ಮರ್ಯಾದೆ ಹೋಗ್ತದಲ್ಲ ಅಂತ. ನಾನು ಹೆದರ್ಕೊಂಡು ತಿದಿ ಹತ್ರ ಕೂತಿದ್ದಕ್ಕೆ ಆ ಕೂಸು ಆಸ್ಪತ್ರೇಲಿ ಮಲಗೈತೆ. ಇನ್ನು ಆ ಕಡೆ ಕೂರಲ್ಲ."

ನಾಳೆಯೇ ಗುಬ್ಬಿಗೆ ಹೋಗಿ ಸದಾಶಿವಯ್ಯನವರ ಮನೆಯವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ಅದೇ ಕೊಪ್ಪರಿಗೆಗೆ ಅವರ ಅಂಗಳದಲ್ಲೇ ನಾನೇ ಕಲಾಯಿ ಹಾಕುತ್ತೇನೆ ಎಂದಳು. ನೀನು ನಮ್ಮಿಬ್ಬರ ಅನ್ನಕ್ಕೂ ಕಲ್ಲು ಹಾಕ್ತೀಯ ಎಂದೆ. ಆಗ ಜಹೀರ್ ಬಾಯಿ ಬಿಟ್ಟರು.

"ಹೋಗ್ಲಿ ಬಿಡಿ ಅಮ್ಮ. ಸುಳ್ಳು ಆಡಿ ಆಡಿ ನಂಗೂ ಸಾಕಾಗೈತೆ."

ಮಾರನೇ ದಿನ ಒಂಬತ್ತಕ್ಕೆ ಬಾಡಿಗೆ ಗಾಡಿಯಲ್ಲಿ ಕೊಪ್ಪರಿಗೆ, ತಿದಿ, ಇದ್ದಿಲು, ನಾವು ಮೂವರು ಗುಬ್ಬಿ ತಲುಪಿದೆವು. ಯಾಕೆ ಹೋದೆ ಎಂದರೆ, ಕೊಪ್ಪರಿಗೆ ನನ್ನದು. ಅದು ಹೋದ ಕಡೆ ನಾನು ಹೋಗದಿದ್ದರೆ ಹೇಗೆ ಅನ್ನಿಸಿತು, ಅಷ್ಟೇ.

ಅಂಗಳದಲ್ಲಿ ಇಪ್ಪತ್ತು ಜನ ಸೇರಿದ್ದರು. ಕೂಸು ರಾತ್ರಿಯೇ ಮನೆಗೆ ಬಂದಿದ್ದು ನಮ್ಮ ಪುಣ್ಯ. ಮಸ್ತಾನ್ ಬೀ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು, ಕಣ್ಣಿನ ವಿಷಯ, ತಿದಿಯ ಲೆಕ್ಕ, ಕುಣಿಗಲ್ಲಿಗೆ ಹೋಗಿದ್ದು. ಸದಾಶಿವಯ್ಯನವರ ತಾಯಿ ಪುಟ್ಟತಾಯಮ್ಮ ಜಗಲಿಯಿಂದ ಇಳಿದು ಬಂದರು.

"ಕುರುಡನ್ನ ಕೂರ್ಸಿ ಇಷ್ಟು ದಿನ ನಮ್ಗೆ ವಿಷ ಇಕ್ಕುದ್ರಾ? ಈಗ ನೀನ್ ಹಾಕ್ತೀಯಾ? ಹೆಂಗಸು ಒಳಗೆ ಕೈಯಾಡ್ಸಿದ ಪಾತ್ರೇಲಿ ದೇವ್ರ ಎಡೆ ಬೇಯ್ಸೋದು ಹೆಂಗೆ? ಆ ಮೂರು ದಿನ ಅನ್ನೋದು ನಿಂಗೂ ಇಲ್ವಾ?"

ಅದು ಬರೀ ಪುಟ್ಟತಾಯಮ್ಮನವರ ಮಾತಲ್ಲ. ನಮ್ಮ ಸೀಮೆಯಲ್ಲಿ ಯಾರನ್ನು ಕೇಳಿದ್ದರೂ ಅದನ್ನೇ ಅನ್ನುತ್ತಿದ್ದರು. ಅಡುಗೆ ಮನೆಯ ಪಾತ್ರೆಯ ಒಳಮೈಯನ್ನು ಬೇರೆ ಮನೆಯ ಹೆಂಗಸು ಮುಟ್ಟಿದರೆ ಅವಳ ದಿನಗಳು ಯಾರಿಗೆ ಗೊತ್ತು? ಕಲಾಯಿ ಗಂಡಸರ ಕೆಲಸವಾಗಿ ಉಳಿದದ್ದು ಅದಕ್ಕೂ ಹೌದು. ನಾನೂ ಮನಸ್ಸಿನಲ್ಲಿ ಅದನ್ನೇ ಅಂದುಕೊಂಡಿದ್ದೆ. ಅವಳು ಏನು ಹೇಳುತ್ತಾಳೆ ಎಂದು ನೆಲ ನೋಡುತ್ತ ನಿಂತೆ.

"ಅಮ್ಮಾ, ಅದು ನಂಗೆ ನಿಂತು ಎರಡು ವರ್ಷ ಆಯ್ತು," ಎಂದಳು. "ನಿಲ್ದೇ ಇದ್ರೂ ಅಷ್ಟೇ. ಬೆಂಕೀಲಿ ಕೆಂಪಗಾದ ಪಾತ್ರೇಲಿ ಮೈಲಿಗೆ ಎಲ್ಲಿ ಉಳೀತದೆ?"

ಇಪ್ಪತ್ತು ಜನ, ಅದರಲ್ಲಿ ಹನ್ನೆರಡು ಗಂಡಸರು. ಆ ಮಾತನ್ನು ನಾನು ನನ್ನ ಒಡಹುಟ್ಟಿದವಳ ಹತ್ತಿರವೂ ಜೋರಾಗಿ ಆಡಿದವಳಲ್ಲ. ಗಂಡಸರು ಒಬ್ಬೊಬ್ಬರಾಗಿ ಬೇರೆ ಕಡೆ ಮುಖ ತಿರುಗಿಸಿದರು. ಪುಟ್ಟತಾಯಮ್ಮನವರು ಮಾತ್ರ ಅವಳನ್ನೇ ನೋಡಿ, ಗುಂಡಿ ತೋಡಲು ಹಿತ್ತಲ ಕಡೆ ಬೆರಳು ತೋರಿಸಿದರು.

ಜಹೀರ್ ತಿದಿಗೆ ಕೂತರು. ಅವರು ತಿದಿ ಮುಟ್ಟದೆ ಇಪ್ಪತ್ತೈದು ವರ್ಷವಾಗಿತ್ತು. ಮೊದಲ ಒತ್ತಿಗೇ ಬೂದಿ ಮೇಲೆದ್ದು ಎಲ್ಲರ ಮುಖಕ್ಕೆ ಬಂತು.

"ಮೆಲ್ಲಗೆ ರೀ. ಉಸಿರು ಕೇಳಿದ್ದು, ಜಗಳ ಅಲ್ಲ," ಎಂದಳು.

"ಆರು ವರ್ಷದ್ದು ಇವತ್ತೇ ತೀರಿಸ್ಕೋತಾಳೆ ನೋಡ್ರಪ್ಪ," ಎಂದರು ಅವರು. ಯಾರೋ ನಕ್ಕರು.

ನೂರು ಜನಕ್ಕೆ ಬೇಯಿಸುವ ಕೊಪ್ಪರಿಗೆ ಅದು. ಅವಳು ಅದನ್ನು ಮಗ್ಗುಲಾಗಿ ಮಲಗಿಸಿ, ಒಂದೊಂದು ಗೇಣು ಕಾಯಿಸುತ್ತ, ಒಂದೊಂದು ಗೇಣು ಉಜ್ಜುತ್ತ ಬಂದಳು. ಹೊಗೆಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕತ್ತಿನ ಕೆಳಗಿನ ಆ ಜಾಗಕ್ಕೆ ಬಂದಾಗ ಮೊಣಕೈ ಬೆಂಕಿಗೆ ತಾಗಿ ಚರ್ಮ ಸುಲಿಯಿತು. ನಾನು ಅಯ್ಯೋ ಅಂದೆ, ಅವಳಿಗೆ ಕೇಳಿಸಿದ ಹಾಗೆ ಕಾಣಲಿಲ್ಲ. ಹನ್ನೊಂದೂವರೆಗೆ ಮುಗಿಯಿತು.

ಆಮೇಲೆ ಅವಳು ಮಾಡಿದ್ದನ್ನು ನಾನು ಇಂದಿಗೂ ನಂಬಲಾರೆ. ಆ ಮನೆಯ ಹುಣಿಸೆ ಹಣ್ಣನ್ನೇ ಕೇಳಿ ಇಸಕೊಂಡಳು, ಎರಡು ಸೇರು. ಅದನ್ನು ಕಿವುಚಿ, ಉಪ್ಪು ಹಾಕಿ, ಕೊಪ್ಪರಿಗೆಯ ಕತ್ತಿನ ತನಕ ನೀರು ತುಂಬಿಸಿ ಕುದಿಸಿದಳು. ಹಾಗೇ ಮುಚ್ಚಿಟ್ಟಳು. ನಾಲ್ಕೂವರೆಗೆ, ಅಂದರೆ ನಾಲ್ಕು ಗಂಟೆ ಕಾಲದ ಮೇಲೆ, ಮುಚ್ಚಳ ತೆಗೆದು ಒಂದು ಚೆಂಬು ತುಂಬ ಮೊಗೆದು ನಿಂತ ಕಡೆಯೇ ಕುಡಿದಳು. ಇನ್ನೊಂದು ಚೆಂಬು ಮೊಗೆದಳು. ಸದಾಶಿವಯ್ಯನವರು ಸಾಕು ಬುಡಮ್ಮ ಅಂದರು. ಅದನ್ನೂ ಕುಡಿದಳು. ಹೊತ್ತು ಮುಳುಗುವ ತನಕ ಎಲ್ಲರಿಗೂ ಕಾಣುವ ಹಾಗೆ ಅಂಗಳದ ನಡುವೆ ಕೂತಿದ್ದಳು. ಬರೀ ಹುಳಿಗೆ ಹಲ್ಲು ಜುಮ್ಮೆನ್ನುತ್ತದೆ ಎಂದು ಒಂದು ಸಲ ಅಂದಳು, ಅಷ್ಟೇ. ಅವಳಿಗೇನೂ ಆಗಲಿಲ್ಲ. ಪುಟ್ಟತಾಯಮ್ಮನವರು ಒಳಗೆ ಹೋಗಿ ದೀಪ ಹಚ್ಚಿದರು.

ಅದಾದ ಒಂದು ವರ್ಷ ನನ್ನ ಪಾತ್ರೆ ಕೇಳಿಕೊಂಡು ಬಂದವರು ನಾಲ್ಕೇ ಮನೆಯವರು. ನಾನು ಅವಳನ್ನು ಶಪಿಸಿದ್ದೂ ಉಂಟು. ಅವಳು ಮಾತ್ರ ಶಿರಾ ಗೇಟಿನ ರಸ್ತೆ ಬದಿಯಲ್ಲಿ, ಬಸ್ಸಿನವರು, ಲಾರಿಯವರು ಎಲ್ಲರೂ ನೋಡುವ ಕಡೆ, ಒಲೆ ಹಾಕಿಕೊಂಡು ಕೂತಳು. ತವರದ ಕಡೆ ತಾನು, ತಿದಿಯ ಕಡೆ ಗಂಡ. ಬೇರೆ ಕಲಾಯಿಯವರು ನೋಡಲೆಂದೇ ಬಂದು ನಿಲ್ಲುತ್ತಿದ್ದರಂತೆ. ಒಬ್ಬ, ಏನ್ ಜಹೀರ್ ಭಾಯ್, ಬೀವಿ ಉಸ್ತಾದ್ ಆದ್ರು, ನೀವು ಶಾಗಿರ್ದಾ, ಶಿಷ್ಯನಾ ಅಂದನಂತೆ. ಹೌದು ಕಣಪ್ಪ, ಸಂಬಳ ಇಲ್ಲದ ಶಾಗಿರ್ದು, ಊಟ ಮಾತ್ರ ಹಾಕ್ತಾಳೆ ಅಂದರಂತೆ ಜಹೀರ್. ಅವಳೇ ಹೇಳಿ ನಕ್ಕಳು.

ಮೊದಲ ಆರು ತಿಂಗಳು ದಿನಕ್ಕೆ ಒಂದು ಪಾತ್ರೆ ಬಂದರೆ ಹೆಚ್ಚು. ಹೋಟೆಲಿನವರು ಮೊದಲು ಬಂದರು, ಅವರಿಗೆ ಮಡಿಯ ಚಿಂತೆ ಇಲ್ಲ. ಆಮೇಲೆ ಬೆಳ್ಳಾವಿ ಕಡೆಯ ರೈತರ ಮನೆಯವರು. ಎಂಬತ್ತರ ದಸರೆಗೆ ಪುಟ್ಟತಾಯಮ್ಮನವರು ಎರಡು ಕೊಳಗ, ದೇವರ ಮನೆಯ ಒಂದು ತಪ್ಪಲೆ ಕಳಿಸಿದರು. ಆ ತಪ್ಪಲೆಯನ್ನು ಅವಳು ಮಧ್ಯಾಹ್ನದ ಊಟ ಬಿಟ್ಟು ಮಾಡಿದಳು. ಇನ್ನೊಬ್ಬರ ಕಣ್ಣಾಗಿದ್ದ ಹೆಂಗಸು ನಲವತ್ತನಾಲ್ಕನೇ ವಯಸ್ಸಿನಲ್ಲಿ ತನ್ನ ಕೈಯನ್ನು ಊರಿಗೆ ತೋರಿಸಿದ್ದನ್ನು ನಾನು ನೋಡಿದೆ. ನನಗಂತೂ ಅದನ್ನು ನೋಡಿದಾಗಲೆಲ್ಲ ಅವತ್ತು ಅವರ ಹೊಸಿಲ ಮೇಲೆ ಕೂತುಬಿಟ್ಟ ಹಾಗೇ ಆಗುತ್ತಿತ್ತು. ನನ್ನ ಪಾತ್ರೆಗಳನ್ನೂ ಅವಳ ಹತ್ತಿರವೇ ಕಳಿಸುತ್ತಿದ್ದೆ. ಅಮ್ಮ ಎನ್ನುವುದು ಹೋಗಿ ಅಕ್ಕ ಆಗಿದ್ದೆ.

ಎಂಬತ್ತನಾಲ್ಕರ ಫೆಬ್ರವರಿಯಲ್ಲಿ ಜಹೀರ್ ತೀರಿಕೊಂಡರು. ಅವರ ಪದ್ಧತಿಯಂತೆ ನಾಲ್ಕು ತಿಂಗಳು ಹತ್ತು ದಿನ ಅವಳು ಮನೆಯಿಂದ ಆಚೆ ಬರಲಿಲ್ಲ. ಒಲೆ ತಣ್ಣಗಿತ್ತು. ಅಷ್ಟರಲ್ಲಿ ಸ್ಟೀಲ್ ಪಾತ್ರೆ ಊರು ತುಂಬಿತ್ತು, ನಾನೇ ಮೂರು ಕೊಳಗ ಕೊಟ್ಟು ಸ್ಟೀಲಿನದು ತಂದಿದ್ದೆ. ಅದನ್ನು ಅವಳಿಗೆ ಹೇಳಲು ನಾಚಿಕೆಯಾಗಿ ಹಿಂದಿನ ಕೋಣೆಯಲ್ಲಿ ಚಾಪೆ ಮುಚ್ಚಿಟ್ಟಿದ್ದೆ.

ಆ ದಿನಗಳು ಮುಗಿದ ಮಾರನೇ ಬೆಳಗ್ಗೆ ಅವಳು ಶೆಟ್ಟಿಹಳ್ಳಿಗೆ ನಡೆದುಕೊಂಡು ಬಂದಳು. ಇಳಿದುಹೋಗಿದ್ದಳು. ಹೋಟೆಲಿನವರದು ಐದು ಪಾತ್ರೆ ಬಂದಿದೆ, ಗುಬ್ಬಿಯಿಂದಲೂ ಹೇಳಿ ಕಳಿಸಿದ್ದಾರೆ, ನಾನು ಕಸುಬು ಬಿಡುವುದಿಲ್ಲ ಎಂದಳು. ಒಬ್ಬಳೇ ಆದರೆ ಆಗುವುದಿಲ್ಲ. ಕೈ ಪಾತ್ರೆಯ ಮೇಲಿದ್ದಾಗ ಗಾಳಿ ಕೊಡುವವರು ಬೇಕು. ಅಣ್ಣತಮ್ಮಂದಿರ ಮಕ್ಕಳನ್ನು ಕೇಳಿದ್ದಾಳೆ, ಹೆಂಗಸಿನ ಕೈಕೆಳಗೆ ತಿದಿ ಒತ್ತುವುದಿಲ್ಲ ಎಂದಿದ್ದಾರೆ.

ಅವಳು ಕಸುಬನ್ನು ಬಿಡಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನ ತಿಂಗಳು ಕುಣಿಗಲ್ಲಿಗೆ ಹೋದಳು. ಅಲ್ಲಿ ಮಗಳು ಗಂಡನನ್ನು ಒಪ್ಪಿಸಿ ತಿದಿಗೆ ಕೂತಳು. ಎಂಬತ್ತೆಂಟರಲ್ಲಿ ಮಸ್ತಾನ್ ಬೀ ಸಾಯುವ ತನಕ ತಾಯಿ ಮಗಳು ಬಸ್ ಸ್ಟ್ಯಾಂಡಿನ ಹತ್ತಿರ ಕಲಾಯಿ ಹಾಕಿದರೆಂದು ಅಲ್ಲಿಂದ ಬಂದವರು ಹೇಳಿದರು. ನಾನು ಅವಳನ್ನು ಮತ್ತೆ ನೋಡಲಿಲ್ಲ. ಆ ಬೆಳಗ್ಗೆ ಅವಳು ಕೇಳಿದ್ದಕ್ಕೆ ನನ್ನ ಬಾಯಿಂದ ಹೌದು ಬರಲಿಲ್ಲ, ಇಲ್ಲವೂ ಬರಲಿಲ್ಲ. ಗಂಡ ಹೋದ ಮೇಲೆ ಹದಿನೈದು ವರ್ಷ, ಬಾಗಿಲಲ್ಲಿ ನಿಂತು ಹೂವಿನವಳನ್ನು ಕೂಗಲೂ ಹಿಂದೆ ಮುಂದೆ ನೋಡುತ್ತಿದ್ದವಳು ನಾನು. ಅವಳು ಕಾಫಿ ಕುಡಿದು ಲೋಟವನ್ನು ತಾನೇ ತೊಳೆದು ಬೋರಲು ಹಾಕಿ, ನನ್ನ ಎರಡು ಕೈಗಳನ್ನೂ ಹಿಡಿದು, ಅಂಗೈಯನ್ನು ಮೇಲೆ ಮಾಡಿ, ಪಾತ್ರೆಯ ಒಳಗನ್ನು ನೋಡುವ ಹಾಗೆ ನೋಡಿ ಕೇಳಿದಳು:

"ಮಂಗಳಕ್ಕಾ, ಶಿರಾ ಗೇಟಿಗೆ ಬಂದು ನನ್ ಜೊತೆ ತಿದಿ ಹತ್ರ ಕೂರ್ತೀರಾ?"